ನಿಮ್ಮ ಮಗನಿಗೆ ಎಷ್ಟು ಕೊಡ್ತಾರೆ?

ನನ್ನ ಮಗ ಇಲ್ಲಿ ಐರ್ಲೆಂಡಿನಲ್ಲಿ ಫುಟ್ಬಾಲ್ ಆಡುತ್ತಾನೆ ಅಂತ ಗೊತ್ತಾದ ಮೇಲೆ ಊರಿನಿಂದ ಎಲ್ಲರೂ ಕೇಳುವ ಪ್ರಶ್ನೆ ಇದು. ಏನೂ ಕೊಡುವುದಿಲ್ಲ. ಒಂದು ಸೆಂಟೂ ಇಲ್ಲ. ಉತ್ತರ ಇಷ್ಟೇ. ಅವಸರ ಇದ್ದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು.

ಆದರೆ ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗುವುದಿಲ್ಲ ಅಂತ ನನಗೆ ಗೊತ್ತು. ಫೋನಿನಲ್ಲಿ ಹೇಳಿ ನೋಡಿದ್ದೇನೆ. ಸ್ವಲ್ಪ ಹೊತ್ತು ಆ ಕಡೆ ಮೌನ. ಆಮೇಲೆ "ಅಲ್ಲ, ಖರ್ಚಿಗಾದ್ರೂ ಏನಾದ್ರೂ ಕೊಡ್ತಾರೆ ಅಲ್ವಾ?" ಅಂತ ಮತ್ತೆ ಶುರು. ಕೆಲವರಿಗಂತೂ ನಾನು ಮುಚ್ಚಿಡುತ್ತಿದ್ದೇನೆ ಅನ್ನುವ ಅನುಮಾನ. ದೃಷ್ಟಿ ಆಗುತ್ತದೆ ಅಂತ ಸಂಬಳ ಹೇಳದವರು ನಮ್ಮಲ್ಲಿ ಇದ್ದಾರಲ್ಲ, ಆ ಸಾಲಿಗೆ ನನ್ನನ್ನೂ ಸೇರಿಸಿದ್ದಾರೆ.

ವಿಷಯ ಇಷ್ಟು. ನಾವಿರುವುದು ಐರ್ಲೆಂಡಿನ ಕಾರ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಪಶ್ಚಿಮ ಭಾಗದಲ್ಲಿ, ಒಂದು ಸಣ್ಣ ಊರಿನಲ್ಲಿ. ನಾನು ನರ್ಸ್. ಮಗ ಕಾಲೇಜಿನಲ್ಲಿದ್ದಾನೆ. ಊರಿನ ಕ್ಲಬ್ಬಿನ ಪರವಾಗಿ ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್ಬಾಲ್ ಆಡುತ್ತಾನೆ, ಜೂನಿಯರ್ ಚಾಂಪಿಯನ್‌ಶಿಪ್‌ನಲ್ಲಿ. ಅವನು ಜರ್ಸಿ ಹಾಕಿಕೊಂಡಿದ್ದ ಒಂದು ಫೋಟೋವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎದೆ ಮೇಲೆ ಒಂದು ಹೆಸರು ದೊಡ್ಡದಾಗಿತ್ತು. ಅಷ್ಟೇ, ನಮ್ಮ ಹುಡುಗ ಐಪಿಎಲ್ ಆಟಗಾರನೇ ಆಗಿಬಿಟ್ಟ. "ಎಷ್ಟಕ್ಕೆ ಹೋದ?" ಅಂತ ಹಾಸನದಿಂದ ಒಬ್ಬರು. "ಕಾಂಟ್ರಾಕ್ಟ್ ಎಷ್ಟು ವರ್ಷದ್ದು?" ಅಂತ ಬೆಂಗಳೂರಿನಿಂದ ಇನ್ನೊಬ್ಬರು. ಎದೆ ಮೇಲಿದ್ದದ್ದು ಟ್ರ್ಯಾಕ್ಟರ್ ರಿಪೇರಿ ಮಾಡುವವನ ಹೆಸರು. ನಮ್ಮ ಮನೆಯಿಂದ ಮೂರನೇ ತಿರುವಿನಲ್ಲಿ ಅವನ ಶೆಡ್.

ಜೂನಿಯರ್ ಅಂದರೆ ಮಕ್ಕಳ ಆಟ ಅಲ್ಲ, ಅದನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಮೇಲೆ ಸೀನಿಯರ್, ಅದರ ಕೆಳಗೆ ಇಂಟರ್‌ಮೀಡಿಯೇಟ್, ಅದರ ಕೆಳಗೆ ಜೂನಿಯರ್. ಅದು ಕ್ಲಬ್ಬಿನ ಹಂತ, ಆಡುವವರ ವಯಸ್ಸಲ್ಲ. ಜೂನಿಯರ್ ಒಳಗೂ ಎ, ಬಿ, ಸಿ ಅಂತ ಇದೆ. ನಮ್ಮ ತಂಡದಲ್ಲಿ ತಲೆ ಅರ್ಧ ಬೋಳಾಗಿರುವ, ಎರಡು ಮಕ್ಕಳ ತಂದೆ ಒಬ್ಬ ಇದ್ದಾನೆ. ಪಂದ್ಯ ಮುಗಿದ ಮೇಲೆ ಎರಡು ದಿನ ಮೆಟ್ಟಿಲು ಇಳಿಯಲು ಒದ್ದಾಡುತ್ತಾನೆ. ಅವನೂ ಜೂನಿಯರ್ರೇ.

ಕಾರ್ಕ್ ದೊಡ್ಡ ಕೌಂಟಿ. ಹಾಗಾಗಿ ಅದನ್ನು ಎಂಟು ವಿಭಾಗ ಮಾಡಿದ್ದಾರೆ. ನಮ್ಮದು ಕಾರ್ಬರಿ. ಉತ್ತರಕ್ಕೆ ಡುಹಾಲೋ, ಪೂರ್ವಕ್ಕೆ ಇಮೋಕಿಲಿ, ಹೀಗೆ. ಮೊದಲು ವಿಭಾಗದೊಳಗೆ ಗೆಲ್ಲಬೇಕು. ಆಮೇಲೆ ಬೇರೆ ವಿಭಾಗದಲ್ಲಿ ಗೆದ್ದವರ ಜೊತೆ ಕೌಂಟಿಗಾಗಿ ಆಡಬೇಕು. ಕೌಂಟಿ ಗೆದ್ದರೆ ಮೇಲಿನ ಹಂತಕ್ಕೆ ಬಡ್ತಿ, ಕೆಲವು ವರ್ಷಗಳ ಹಿಂದಿನವರೆಗೂ ಜೊತೆಗೆ ಮನ್‌ಸ್ಟರ್ ಪ್ರಾಂತ್ಯದ ಪಂದ್ಯಗಳೂ ಇರುತ್ತಿದ್ದವು. ಅದನ್ನೂ ದಾಟಿದರೆ ಅಖಿಲ ಐರ್ಲೆಂಡ್. ಅದರ ಫೈನಲ್ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ನಡೆಯುತ್ತದೆ. 82 ಸಾವಿರ ಜನ ಹಿಡಿಸುವ ಮೈದಾನ. ಡುಹಾಲೋದ ನಾಕ್ನಗ್ರೀ ಅನ್ನುವ ಹಳ್ಳಿ 2018ರಲ್ಲಿ ಅಲ್ಲಿಯವರೆಗೂ ಹೋಗಿ ಗೆದ್ದು ಬಂತು. ನಮ್ಮವರು ವಿಭಾಗದ ಕ್ವಾರ್ಟರ್ ಫೈನಲ್ ದಾಟಿದರೆ ಊರಿನಲ್ಲಿ ಬಾವುಟ ಕಟ್ಟುತ್ತಾರೆ.

ಇಷ್ಟೆಲ್ಲಾ ಕೇಳಿದ ಮೇಲೂ ಪ್ರಶ್ನೆ ಅದೇ. "ಹಾಗಾದರೆ ಅಷ್ಟು ಮೇಲೆ ಹೋದವರಿಗಾದ್ರೂ ದುಡ್ಡು ಬರುತ್ತಾ?"

ಇಲ್ಲ ಸ್ವಾಮಿ. ಈ ಆಟ ನಡೆಸುವ ಸಂಸ್ಥೆ ಜಿಎಎ, ಅಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಥರ್ಲಸ್ ಊರಿನ ಒಂದು ಹೋಟೆಲಿನಲ್ಲಿ ಶುರುವಾಯಿತು. ಆಡುವವರಿಗೆ ಸಂಬಳ ಇಲ್ಲ ಅನ್ನುವುದು ಅದರ ನಿಯಮ. ಇಡೀ ಕೌಂಟಿಯ ತಂಡಕ್ಕೆ ಆಡುವವರಿಗೆ ಪ್ರಯಾಣದ ಖರ್ಚು ಸಿಗುತ್ತದೆ, ಸರ್ಕಾರದಿಂದ ಒಂದಿಷ್ಟು ಅನುದಾನ ಬರುತ್ತದೆ. ಅದೂ ಸಂಬಳ ಅಲ್ಲ. ತಂಡದ ಮ್ಯಾನೇಜರುಗಳಿಗೆ ಒಳಗೊಳಗೇ ಹಣ ಹೋಗುತ್ತದೆ ಅನ್ನುವ ಮಾತು ಹಳೆಯದು. 2012ರಲ್ಲಿ ಜಿಎಎಯ ಮಹಾನಿರ್ದೇಶಕರೇ ಇದರ ಬಗ್ಗೆ ಚರ್ಚಾಪತ್ರ ಹೊರತಂದರು. ಜಗಳ ಇನ್ನೂ ಮುಗಿದಿಲ್ಲ. ಆದರೆ ಕ್ಲಬ್ಬಿನಲ್ಲಿ ಆಡುವ ಹುಡುಗರ ಕೈಗೆ ಬರುವುದು ಏನೂ ಇಲ್ಲ. ಬದಲಿಗೆ ವರ್ಷ ವರ್ಷ ಸದಸ್ಯತ್ವದ ಹಣ ಅವರೇ ಕಟ್ಟುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ನಾನು ಕಟ್ಟುತ್ತೇನೆ. ಬೂಟ್ಸಿನ ದುಡ್ಡು ನನ್ನದು, ಗ್ಲೌಸ್ ನನ್ನದು, ಬೆರಳು ಮುರಿದಾಗ ಬೈಗುಳವೂ ನನ್ನದು.

ನಂಬದವರಿಗೆ ನಾನು ಡೇವಿಡ್ ಕ್ಲಿಫರ್ಡ್ ಕಥೆ ಹೇಳುತ್ತೇನೆ. ಪಕ್ಕದ ಕೆರ್ರಿ ಕೌಂಟಿಯವನು. 2022ರ ಜುಲೈನಲ್ಲಿ ಕೆರ್ರಿ ಸ್ಯಾಮ್ ಮಗ್ವಾಯರ್ ಕಪ್ ಗೆದ್ದಿತು, ಅಂದರೆ ಕೌಂಟಿ ತಂಡಗಳ ಅಖಿಲ ಐರ್ಲೆಂಡ್ ಕಪ್. ಆ ವರ್ಷ ದೇಶಕ್ಕೇ ಶ್ರೇಷ್ಠ ಆಟಗಾರ ಅಂತ ಅವನಿಗೇ ಪ್ರಶಸ್ತಿ. ಅದಾದ ಮೇಲೆ ಎಲ್ಲಿ ಆಡಿದ ಗೊತ್ತಾ? ಕಿಲಾರ್ನಿ ಪಕ್ಕದ ತನ್ನ ಊರು ಫೊಸ್ಸಾಗೆ, ಕೆರ್ರಿಯ ಜೂನಿಯರ್ ಚಾಂಪಿಯನ್‌ಶಿಪ್‌ನಲ್ಲಿ! ಅವನ ಅಣ್ಣ ಪಾಡಿ ಕೂಡ ಅದೇ ತಂಡ. ಕೌಂಟಿ ಗೆದ್ದರು, ಪ್ರಾಂತ್ಯ ಗೆದ್ದರು, 2023ರ ಜನವರಿಯಲ್ಲಿ ಕ್ರೋಕ್ ಪಾರ್ಕಿನಲ್ಲಿ ಟಿರೋನ್ ಕೌಂಟಿಯ ಸ್ಟುವರ್ಟ್ಸ್‌ಟೌನ್ ತಂಡವನ್ನು ಸೋಲಿಸಿ ಅಖಿಲ ಐರ್ಲೆಂಡ್ ಜೂನಿಯರ್ ಕಪ್ಪನ್ನೂ ತಂದರು. ದೇಶದ ಅತಿ ಒಳ್ಳೆಯ ಆಟಗಾರ ಮೂರನೇ ಹಂತದಲ್ಲಿ ಯಾಕೆ ಆಡಿದ? ಅವನ ಊರಿನ ಕ್ಲಬ್ ಆ ಹಂತದಲ್ಲಿತ್ತು, ಅದಕ್ಕೆ. ದೊಡ್ಡ ಕ್ಲಬ್ ಬಂದು ಅವನನ್ನು ಕೊಳ್ಳಲು ಆಗುವುದಿಲ್ಲ. ಕೊಳ್ಳುವುದು ಅನ್ನುವುದೇ ಇಲ್ಲ. ಅವನ ಹೊಟ್ಟೆಪಾಡು ಶಾಲೆಯ ಮೇಷ್ಟ್ರ ಕೆಲಸ.

ಈ ಕಥೆ ನನ್ನ ಚಿಕ್ಕಪ್ಪನ ಮುಂದೆ ಮಾತ್ರ ನಡೆಯಲಿಲ್ಲ.

ಚಿಕ್ಕಪ್ಪ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಒಂದು ಬೇಸಿಗೆಯ ಕೊನೆಗೆ ಚಿಕ್ಕಮ್ಮನ ಜೊತೆ ನಮ್ಮಲ್ಲಿಗೆ ಬಂದಿದ್ದರು. ಆ ವಾರವೇ ಪಂದ್ಯ. ಕರೆದುಕೊಂಡು ಹೋದೆ. ಗೇಟಿನಲ್ಲಿ ಟಿಕೆಟ್ ತೆಗೆದುಕೊಳ್ಳುವುದನ್ನು ನೋಡಿದ್ದೇ ತಡ, ಅವರ ತಲೆಯೊಳಗಿನ ಲೆಡ್ಜರ್ ತೆರೆದುಕೊಂಡಿತು. ಬಂದ ಜನ ಎಷ್ಟು, ತಲೆಗೆ ಎಷ್ಟು ಯೂರೋ, ಅಂತ ಬಾಯಲ್ಲೇ ಗುಣಿಸಿದರು. "ಇಷ್ಟು ಕಲೆಕ್ಷನ್ ಆದ್ಮೇಲೂ ಹುಡುಗರಿಗೆ ಏನೂ ಇಲ್ವಾ? ಎಲ್ಲಿಗೆ ಹೋಗುತ್ತಮ್ಮಾ ಇದು?" ಆಟ ನಡೆಸುವ ಬೋರ್ಡಿಗೆ ಹೋಗುತ್ತೆ ಚಿಕ್ಕಪ್ಪ ಅಂದೆ. "ಹ್ಞೂಂ, ಎಲ್ಲಾ ಕಡೆ ಬೋರ್ಡಿಗೇ ಹೋಗೋದು" ಅಂದರು.

ಆಟ ಶುರುವಾಯಿತು. ಹದಿನೈದು ಹದಿನೈದು ಜನ, ಅರ್ಧ ಗಂಟೆಯ ಎರಡು ಅವಧಿ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ ನಾಲ್ಕು ಹೆಜ್ಜೆ ಆದ ಮೇಲೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿಂದ ಒದ್ದು ಮತ್ತೆ ಕೈಗೆ ತಂದುಕೊಳ್ಳಬೇಕು. ಗೋಲ್ ಕಂಬದ ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲ್, ಅಂದರೆ ಮೂರು ಪಾಯಿಂಟ್. ಪಟ್ಟಿಯ ಮೇಲೆ ಹೋದರೆ ಒಂದು. 2025ರಿಂದ ದೂರದ ಕಮಾನಿನ ಆಚೆಯಿಂದ ಒದ್ದರೆ ಎರಡು ಅಂತಲೂ ಸೇರಿಸಿದ್ದಾರೆ, ಆಗ ಅದು ಇರಲಿಲ್ಲ. ಸ್ಕೋರ್ ಬರೆಯುವುದು 1-12, 0-14 ಹೀಗೆ. ಮೊದಲ ಅಂಕಿ ಗೋಲು, ಎರಡನೆಯದು ಪಾಯಿಂಟು. ಇದನ್ನು ಚಿಕ್ಕಪ್ಪ ಒಂದೇ ಸಲಕ್ಕೆ ಹಿಡಿದರು, ಎಷ್ಟಾದರೂ ಬ್ಯಾಂಕಿನವರು. ಕಂಬದ ಪಕ್ಕ ಬಿಳಿ ಕೋಟು ಹಾಕಿ ನಿಂತಿದ್ದವರನ್ನು ನೋಡಿ ಮಾತ್ರ ಗಾಬರಿ. "ನಾಲ್ಕು ಜನ ಡಾಕ್ಟರ್ ಬೇಕಾ ಈ ಆಟಕ್ಕೆ?" ಡಾಕ್ಟರಲ್ಲ, ಅಂಪೈರುಗಳು. ಗೋಲಾದರೆ ಹಸಿರು ಬಾವುಟ, ಪಾಯಿಂಟಾದರೆ ಬಿಳಿ ಬಾವುಟ ಎತ್ತುವುದು ಅವರ ಕೆಲಸ. ಸಾಮಾನ್ಯವಾಗಿ ರೆಫರಿ ತನ್ನ ತಮ್ಮನನ್ನೋ ಮಗನನ್ನೋ ಸ್ನೇಹಿತನನ್ನೋ ಕಾರಿನಲ್ಲಿ ತುಂಬಿಕೊಂಡು ಬರುತ್ತಾನೆ. ಅವರಿಗೂ ದೊಡ್ಡದೇನೂ ಸಿಗುವುದಿಲ್ಲ ಅಂದೆ. ಕೇಳುವ ಮೊದಲೇ ಹೇಳಿದೆ.

ಮಧ್ಯಂತರದಲ್ಲಿ ನಾನು ಟೀ ತರಲು ಹೋದೆ. ಬರುವಷ್ಟರಲ್ಲಿ ಚಿಕ್ಕಪ್ಪ ಕ್ಲಬ್ಬಿನ ಖಜಾಂಚಿಯನ್ನು ಹಿಡಿದಿದ್ದರು. ಹೇಗೆ ಕಂಡುಹಿಡಿದರೋ, ಲೆಕ್ಕದವರಿಗೆ ಲೆಕ್ಕದವರ ವಾಸನೆ ಬರುತ್ತದೇನೋ. ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದ್ದಾರೆ, ಆಟಗಾರರಿಗೆ ಎಷ್ಟು ಕೊಡುತ್ತೀರಿ ಅಂತ. ನನಗೆ ಅಲ್ಲೇ ನೆಲ ಬಾಯಿಬಿಡಬಾರದಾ ಅನ್ನಿಸಿತು. ಖಜಾಂಚಿ ನಗಲೂ ಇಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಕ್ಲಬ್ಬಿನ ಲಾಟರಿ ಪುಸ್ತಕ ತೆಗೆದು, ಒಂದಕ್ಕೆ ಎರಡು ಯೂರೋ, ಮೂರು ತೆಗೆದುಕೊಂಡರೆ ಐದು ಅಂದ. ಜೀವನದಲ್ಲಿ ಲಾಟರಿ ಮುಟ್ಟದ ಮನುಷ್ಯ ಮೂರು ಟಿಕೆಟ್ ತೆಗೆದುಕೊಂಡರು. ನಿಜ ಹೇಳಬೇಕೆಂದರೆ ಕ್ಲಬ್ಬಿನ ಹಣಕಾಸನ್ನು ನಾನು ಅಷ್ಟು ಚೆನ್ನಾಗಿ ಯಾರಿಗೂ ವಿವರಿಸಿಲ್ಲ.

ಪಂದ್ಯ ನಾವು ಸೋತೆವು. ಒಂದೇ ಪಾಯಿಂಟಿನಲ್ಲಿ. ದಾರಿಯಲ್ಲಿ ಚಿಕ್ಕಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೊನೆಯ ತೀರ್ಪು ಬಂತು. "ನಮ್ಮ ಕಾಲದಲ್ಲಿ ಊರ ವಾಲಿಬಾಲ್ ಗೆದ್ದರೆ ಒಂದು ಟಗರಾದ್ರೂ ಕೊಡ್ತಿದ್ರು." ಹಿಂದಿನ ಸೀಟಿನಿಂದ ನನ್ನ ಮಗ, ಮೂಗಿನಲ್ಲಿ ಹತ್ತಿ ತುರುಕಿಕೊಂಡಿದ್ದವನು, "ಟಗರಿದ್ರೆ ನಾವೂ ಗೆಲ್ತಿದ್ವಿ ತಾತ" ಅಂದ.

ಚಿಕ್ಕಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವರು ಬಂದು ನೋಡಿಯಾದರೂ ಕೇಳಿದರು. ಸಿಟ್ಟು ಬರುವುದು "ಹಾಗಾದರೆ ಯಾಕೆ ಆಡ್ತಾನೆ?" ಅಂತ ಮುಂದುವರಿಸುವವರ ಮೇಲೆ. ವಾರಕ್ಕೆ ಎರಡು ಸಂಜೆ ಮಳೆಯಲ್ಲಿ ಅಭ್ಯಾಸ, ಭಾನುವಾರ ಪಂದ್ಯ, ಓದು ಹಾಳು, ಪ್ರಯೋಜನ ಏನು ಅಂತ. ಅದೇ ಜನ ಊರ ಹಬ್ಬಕ್ಕೆ ಚಂದಾ ಎತ್ತಲು ರಜೆ ಹಾಕಿ ಹೋಗುತ್ತಾರೆ. ಆಗ ಯಾರೂ ಅವರನ್ನು ಎಷ್ಟು ಸಿಗುತ್ತೆ ಅಂತ ಕೇಳುವುದಿಲ್ಲ.

ಮತ್ತೆ, ಆಡಿದರೆ ಎಷ್ಟು ಅನ್ನುವುದು ಈ ಆಟದಲ್ಲಿ ಯಾರಿಗೂ ತಲೆನೋವು ಕೊಡದ ವಿಷಯ. ತಲೆನೋವು ಬೇರೆಯೇ ಇದೆ. ಅದನ್ನು ಇಷ್ಟು ವರ್ಷದಲ್ಲಿ ಭಾರತದಿಂದ ಒಬ್ಬರೂ ಕೇಳಿಲ್ಲ: ಈ ವರ್ಷ ಹದಿನೈದು ಜನ ಆಗ್ತಾರಾ?

ನಮ್ಮ ಕ್ಲಬ್ಬಿನ ಸಭೆಗಳಲ್ಲಿ ಚರ್ಚೆ ಆಗುವುದು ಇದೊಂದೇ. ಹೊರಗಿನಿಂದ ಕೊಂಡು ತರಲು ಆಗುವುದಿಲ್ಲ ಅಂದೆನಲ್ಲ, ಅದರ ಇನ್ನೊಂದು ಮುಖ ಇದು. ಊರಲ್ಲಿ ಹುಟ್ಟಿದವರು, ಊರಲ್ಲಿ ಬಂದು ನೆಲೆಸಿದವರು, ಅಷ್ಟರಲ್ಲೇ ತಂಡ ಕಟ್ಟಬೇಕು. ನಮ್ಮ ಶಾಲೆಯಲ್ಲಿ ಒಂದೊಂದು ತರಗತಿಗೆ ಬೆರಳೆಣಿಕೆಯ ಮಕ್ಕಳು. ಅದರಲ್ಲಿ ಗಂಡು ಮಕ್ಕಳೆಷ್ಟು, ಆಡುವವರೆಷ್ಟು, ಇಪ್ಪತ್ತು ದಾಟಿದ ಮೇಲೂ ಇಲ್ಲೇ ಉಳಿಯುವವರೆಷ್ಟು? ಡಬ್ಲಿನ್ನಿಗೆ ಹೋದವರು ವಾರಾಂತ್ಯಕ್ಕೆ ಕಾರು ಓಡಿಸಿಕೊಂಡು ಬರುತ್ತಾರೆ. ಸಿಡ್ನಿಗೆ ಹೋದವರು ಬರುವುದಿಲ್ಲ, ಅಲ್ಲಿಯ ಗೇಲಿಕ್ ಕ್ಲಬ್ಬಿಗೆ ಆಡಿ ಫೋಟೋ ಕಳಿಸುತ್ತಾರೆ. ಆ ಫೋಟೋ ನೋಡಿ ನಮ್ಮ ಮ್ಯಾನೇಜರ್ ಮುಖ ಹೇಗಾಗುತ್ತದೆ ಅಂತ ನೋಡಬೇಕು. ಇರುವವರೇ ಒಂದು ವಾರ ಫುಟ್ಬಾಲ್, ಮುಂದಿನ ವಾರ ಕೋಲು ಹಿಡಿದು ಆಡುವ ಹರ್ಲಿಂಗ್ ಆಡಬೇಕು. ಹದಿಹರೆಯದವರ ತಂಡವನ್ನಂತೂ ಪಕ್ಕದ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಗಳು) ಜೊತೆ ಸೇರಿಸಿ ಕಟ್ಟಿದ್ದೇವೆ. ಆ ಪಕ್ಕದವರಿಗೂ ನಮಗೂ ನೂರು ವರ್ಷದ ಹಗೆ. ಆದರೂ ಬೇರೆ ದಾರಿ ಇರಲಿಲ್ಲ. ಜನ ಸಾಲದೆ ಮೈದಾನಕ್ಕೇ ಇಳಿಯದಿದ್ದರೆ ಎದುರಿನವರಿಗೆ ವಾಕೋವರ್, ಅಂದರೆ ಆಡದೆಯೇ ಗೆಲುವು. ಸೋಲನ್ನು ಇಲ್ಲಿನವರು ತಡೆದುಕೊಳ್ಳುತ್ತಾರೆ. ವಾಕೋವರ್ ಕೊಟ್ಟ ವಾರ ಅಂಗಡಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ನಾವು ಇಲ್ಲಿಗೆ ಬಂದ ಹೊಸತರಲ್ಲಿ ಕ್ಲಬ್ಬಿನ ಒಬ್ಬ ಹೆಂಗಸು ಮನೆ ಬಾಗಿಲು ತಟ್ಟಿ ಸ್ವಾಗತ ಹೇಳಿದಳು, ಬ್ರೆಡ್ ಕೊಟ್ಟಳು, ಮಗನಿಗೆ ಎಷ್ಟು ವಯಸ್ಸು ಅಂತ ಕೇಳಿದಳು. ಏಳು ಅಂದೆ. ಅವಳ ಕಣ್ಣಲ್ಲಿ ಒಂದು ಲೆಕ್ಕ ಓಡಿತು. ಚಿಕ್ಕಪ್ಪನದಕ್ಕಿಂತ ಚುರುಕಾದ ಲೆಕ್ಕ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಮೈದಾನಕ್ಕೆ ಕಳಿಸಿ ಅಂದಳು. ನಮ್ಮ ಬಣ್ಣ, ನಮ್ಮ ಭಾಷೆ, ನಮ್ಮ ದೇವರು ಯಾವುದನ್ನೂ ಅವಳು ಕೇಳಲಿಲ್ಲ. ದೊಡ್ಡ ಮನಸ್ಸು ಅಂತ ಆಗ ಅಂದುಕೊಂಡಿದ್ದೆ. ದೊಡ್ಡ ಮನಸ್ಸೇ, ಇಲ್ಲ ಅನ್ನುವುದಿಲ್ಲ. ಜೊತೆಗೆ ಏಳು ವರ್ಷದವರ ತಂಡಕ್ಕೆ ಒಬ್ಬ ಕಡಿಮೆ ಇದ್ದ.

ಹಾಸನದ ಕಡೆಯ ನಮ್ಮ ಊರಲ್ಲಿ ಈಗ ವಾಲಿಬಾಲ್ ನೆಟ್ ಕಟ್ಟುವವರಿಲ್ಲವಂತೆ. ಎಲ್ಲ ಬೆಂಗಳೂರಿಗೆ ಹೋಗಿದ್ದಾರೆ. ಚಿಕ್ಕಪ್ಪನೇ ಹೇಳಿದ್ದು. ಊರು ಬಿಟ್ಟು ಇಷ್ಟು ದೂರ ಬಂದು ಕೂತ ನಾನು ಅದಕ್ಕೆ ಏನು ಹೇಳಲಿ?

ಹಾಗಾಗಿ ಇನ್ನು ಮೇಲೆ ಫೋನ್ ಮಾಡಿದಾಗ ದಯವಿಟ್ಟು ಹದಿನೈದು ಜನ ಆದರಾ ಅಂತ ಕೇಳಿ. ಈ ಸಲದ ಲೆಕ್ಕವನ್ನು ಈಗಲೇ ಕೊಡುತ್ತೇನೆ. ಪಟ್ಟಿಯಲ್ಲಿ ಇರುವವರು ಹದಿನೇಳು. ಒಬ್ಬನ ಮೊಣಕಾಲು ಸರಿಯಿಲ್ಲ. ಇನ್ನೊಬ್ಬನ ಮದುವೆ ಮೊದಲ ಸುತ್ತಿನ ಶನಿವಾರವೇ ಬಿದ್ದಿದೆ, ಅವನ ತಮ್ಮನೂ ಗೋಲ್‌ಕೀಪರ್ರೂ ಮದುವೆಯಲ್ಲಿ ಅವನ ಪಕ್ಕ ನಿಲ್ಲಬೇಕಾದವರು. ಪಂದ್ಯವನ್ನು ಒಂದು ದಿನ ಮುಂದೆ ಹಾಕಿ ಅಂತ ನಮ್ಮ ಕಾರ್ಯದರ್ಶಿ ಎದುರಿನ ಕ್ಲಬ್ಬಿಗೆ ಬರೆದಿದ್ದಾರೆ. ಆಗುವುದಿಲ್ಲ ಅಂತ ಉತ್ತರ ಬಂದಿದೆ. ಉತ್ತರಕ್ಕೆ ಸಹಿ ಹಾಕಿದವರು ಹುಡುಗಿಯ ತಂದೆ.