ಜಾಝ್ ಕಪಾಟು: ಏಳು ತಿಂಗಳು, ಐದು ರೆಕಾರ್ಡು

ಜಾಝ್ ಎಲ್‌ಪಿ ರೆಕಾರ್ಡು ಕೂಡಿಸೋಕೆ ಶುರು ಮಾಡಿದಾಗ ಹಾಕಿಕೊಂಡ ನಿಯಮ ಒಂದೇ. ಎರಡೂ ಮಗ್ಗುಲು ಪೂರ್ತಿ ಕೇಳಿಸಿಕೊಳ್ಳುವ ಆಲ್ಬಂ ಮಾತ್ರ ಕೊಳ್ಳಬೇಕು, ಹನ್ನೆರಡು ದಾಟಬಾರದು. ಒಂದೇ ಹಾಡು ಬೇಕಿದ್ದರೆ ಫೋನ್ ಸಾಕು, ಅಲ್ವಾ? ಈಗ ಐದು ಕೂತಿವೆ.

ಮೊದಲನೆಯದು ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ಎಲ್ಲರೂ ಹೇಳುವುದನ್ನೇ ನಾನೂ ಯಾಕೆ ಹೇಳಲಿ ಅಂತ ತಿಂಗಳುಗಟ್ಟಲೆ ಮುಂದೂಡಿದೆ, ಕೊನೆಗೆ ಸೋತೆ. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನ ಕೂತು ಮುಗಿಸಿದ್ದು, ಮಾರ್ಚಿನಲ್ಲೊಂದು, ಏಪ್ರಿಲ್‌ನಲ್ಲೊಂದು. ಮಾರ್ಚಿನ ದಿನ ಟೇಪ್ ಯಂತ್ರ ಚೂರು ನಿಧಾನ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ಹಾಡು ಚೂರು ಜೋರಾಗಿ ಓಡುತ್ತೆ, ಹಾಗಾಗಿ ಹಳೆಯ ಮುದ್ರಣಗಳಲ್ಲಿ ಮೊದಲ ಮಗ್ಗುಲಿನ ಮೂರೂ ಹಾಡು ಶ್ರುತಿಗಿಂತ ಸ್ವಲ್ಪ ಮೇಲೆ ಕೇಳುತ್ತವೆ. 1990ರ ದಶಕದಲ್ಲಿ ಅದನ್ನು ಸರಿಮಾಡಿದರು. ನನ್ನದು ಹಳೆಯ ಪ್ರತಿ. ಸುಮ್ನೆ ನೋಡೋಣ ಅಂತ ಅಮ್ಮನ ಶ್ರುತಿ ಪೆಟ್ಟಿಗೆಯನ್ನು ಬಿಳಿ ಎರಡಕ್ಕೆ (ಪಾಶ್ಚಾತ್ಯರ 'ಡಿ' ಸ್ವರ, ಈ ಹಾಡಿನ ಶ್ರುತಿಯೂ ಅದೇ) ಇಟ್ಟು 'ಸೋ ವಾಟ್' ಹಾಕಿದೆ. ಬಾಸ್ ಶುರುವಾದ ಕೂಡಲೇ ಎರಡೂ ಒಂದಕ್ಕೊಂದು ಉಜ್ಜಿದ ಹಾಗೆ ಆಯಿತು. ರೆಕಾರ್ಡು ತಿರುಗಿಸಿ ಹಾಕಿದರೆ ಶ್ರುತಿ ಸರಿಯಾಗಿ ಕೂರುತ್ತೆ. ಈಗ ಆ ಉಜ್ಜಾಟವೇ ಇಷ್ಟ.

ಎರಡನೆಯದರಲ್ಲಿ ಪೆಟ್ಟು ತಿಂದೆ. ಡೇವ್ ಬ್ರೂಬೆಕ್‌ನ 'ಟೈಮ್ ಔಟ್', ಅದೂ 1959ರದ್ದೇ. ಸೆಕೆಂಡ್ ಹ್ಯಾಂಡ್ ತರಿಸಿದೆ, ಬಿಸಿಲಲ್ಲಿ ಒಣಗಿಸಿದ ಹಪ್ಪಳದ ಹಾಗೆ ಬಾಗಿತ್ತು. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಎರಡು ಗಾಜಿನ ನಡುವೆ ಇಟ್ಟು ಮೇಲೆ ಡಿಕ್ಷನರಿ ಹೇರಿ ಹದಿನೈದು ದಿನ ಬಿಟ್ಟೆ. 'ಟೇಕ್ ಫೈವ್' ಒಳಗಡೆ ಇರುವ ಹಾಡು, ಬಚಾವಾಯಿತು. ಆದರೆ ಅಂಚಿನಲ್ಲಿರುವ ಮೊದಲ ಹಾಡು 'ಬ್ಲೂ ರಾಂಡೋ'ದಲ್ಲಿ ಮುಳ್ಳು ಹಾರುತ್ತಲೇ ಇತ್ತು. ಅದೂ ಎಂಥ ಹಾಡಿನಲ್ಲಿ! ಒಂಬತ್ತರ ಲೆಕ್ಕ, ತಕ ತಕ ತಕ ತಕಿಟ ಅಂತ ಮೂರು ಸಲ, ನಾಲ್ಕನೇ ಸಲ ತಕಿಟ ತಕಿಟ ತಕಿಟ. ತೊಡೆ ಮೇಲೆ ತಾಳ ಹಾಕುತ್ತಾ ಕೂತಿರುತ್ತೀನಿ, ಸರಿಯಾಗಿ ನಾಲ್ಕನೇ ಸುತ್ತಿಗೆ ಬರುವಾಗ ಮುಳ್ಳು ನೆಗೆದು ಇನ್ನೆಲ್ಲೋ ಬೀಳುತ್ತೆ. ಕೊನೆಗೆ ಹೊಸ ಪ್ರತಿಯನ್ನೇ ತಂದೆ. ಅಂದಹಾಗೆ 'ಟೇಕ್ ಫೈವ್' ಕೇಳುವಾಗ ಕೈ ತಾನಾಗಿ ಖಂಡ ಚಾಪಿಗೆ, ಅಂದರೆ ನಮ್ಮ ಎರಡು-ಮೂರರ ಐದೆಣಿಕೆ ತಾಳಕ್ಕೆ, ಹೋಗುತ್ತೆ, ಆದರೆ ಅಲ್ಲಿ ಮೂರು ಮೊದಲು, ಎರಡು ಆಮೇಲೆ. ತಕಿಟ ತಕ. ಒಂದು ವಾರ ತಪ್ಪಾಗಿಯೇ ಹಾಕಿದ್ದೆ.

ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' (1965) ಮೂವತ್ತಮೂರು ನಿಮಿಷ, ನಡುವೆ ಎದ್ದು ಹೋಗೋಕೆ ಆಗಲ್ಲ. ಆಲಿಸ್ ಕೋಲ್ಟ್ರೇನ್‌ನ 'ಜರ್ನಿ ಇನ್ ಸಚ್ಚಿದಾನಂದ'ದಲ್ಲಿ ತಂಬೂರಿ ಮತ್ತು ಹಾರ್ಪ್ ಒಟ್ಟಿಗಿವೆ. ರಾತ್ರಿ ಮಾತ್ರ ಹಾಕುತ್ತೀನಿ.

ಐದನೆಯದು ಚಾರ್ಲ್ಸ್ ಮಿಂಗಸ್‌ನ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ', 1963. ಮೊದಲ ಸಲ ಗಲಾಟೆ ಅನ್ನಿಸಿತು, ಮೂರನೇ ಸಲಕ್ಕೆ ಗಲಾಟೆಯೊಳಗೆ ಅಳುವ ಹಾಗೆ ಒಂದು ಆಲ್ಟೋ ಸ್ಯಾಕ್ಸೋಫೋನ್ ಕೇಳಿಸಿತು. ಯಾರಪ್ಪಾ ಇದು ಅಂತ ಕವರ್ ತಿರುಗಿಸಿದರೆ ಚಾರ್ಲಿ ಮರಿಯಾನೋ. ಹೆಸರು ಎಲ್ಲೋ ಕೇಳಿದ ಹಾಗಿತ್ತು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ ನುಡಿಸಿದವರು ಇವರೇ! ಟಿ.ಎ.ಎಸ್. ಮಣಿ ಮೃದಂಗ, ಆರ್.ಎ. ರಮಾಮಣಿ ಹಾಡುಗಾರಿಕೆ. 1983ರಲ್ಲಿ ರೆಕಾರ್ಡ್ ಮಾಡಿದ ಆ ಆಲ್ಬಂ ಹೆಸರು 'ಜ್ಯೋತಿ', ಹೊರತಂದದ್ದು ಜರ್ಮನಿಯ ರೆಕಾರ್ಡ್ ಕಂಪನಿ ಇಸಿಎಂ.

ಅದರ ಎಲ್‌ಪಿ ನನ್ನ ಕೈಗೆಟುಕುವ ಬೆಲೆಗೆ ಇನ್ನೂ ಸಿಕ್ಕಿಲ್ಲ, ಸಿಡಿ ಸಿಕ್ಕಿದೆ. ಹಾಕಿದಾಗ ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದರು. ಆರು ತಿಂಗಳಿಂದ "ಇದರಲ್ಲಿ ಹಾಡೋರು ಯಾರೂ ಇಲ್ವೇನೋ" ಅಂತಿದ್ದವರು ಕೊನ್ನಕೋಲು (ಬಾಯಲ್ಲೇ ತಾಳದ ಸೊಲ್ಲು ಹೇಳುವುದು) ಮುಗಿಯುವವರೆಗೂ ಬಾಗಿಲಲ್ಲೇ ನಿಂತಿದ್ದರು. ಕಪಾಟಿನಲ್ಲಿ ಮಿಂಗಸ್ ಪಕ್ಕ ಜಾಗ ಖಾಲಿ ಬಿಟ್ಟಿದ್ದೀನಿ.

ಈ ತಿಂಗಳು ಏನೂ ಕೊಳ್ಳಲ್ಲ. ಟರ್ನ್‌ಟೇಬಲ್‌ನ ಬೆಲ್ಟ್ ಸಡಿಲವಾಗಿದೆ. ನನಗೆ ಗೊತ್ತೇ ಆಗಿರಲಿಲ್ಲ, ಶ್ರುತಿ ಇಳಿದಿದೆ ಅಂತ ಹೇಳಿದ್ದು ಅಮ್ಮ.