ಮುಂಗೈ ಮೇಲೆ 4.10

ನೈಟ್ ಡ್ಯೂಟಿ ಮುಗ್ಸಿ ಬಂದು ಕೈ ತೊಳೀತಿದ್ದೆ, ಮಗಳು ಇಣುಕಿ ನೋಡಿ ಅಮ್ಮಾ ನೀನೂ ಕಾಪಿ ಹೊಡೀತೀಯಾ ಅಂದ್ಳು 😄

ಮುಂಗೈ ಮೇಲೆ ನೀಲಿ ಪೆನ್ನಲ್ಲಿ 2.40, 3.05, 4.10.

ಲೇಬರ್ ವಾರ್ಡಲ್ಲಿ ಹುಟ್ಟಿದ ಟೈಮ್ ಮೊದ್ಲು ಕೈ ಮೇಲೆ, ಆಮೇಲೆ ರಿಜಿಸ್ಟರಿಗೆ. ಒಬ್ಳಿಗೆ ಮಗು ಬಂದ ನಿಮಿಷದೊಳಗೆ ರಕ್ತ ಜಾಸ್ತಿ ಹೋಗ್ದಂಗೆ ಕೊಡೋ ಆಕ್ಸಿಟೋಸಿನ್ ಇಂಜೆಕ್ಷನ್ 10 ಯೂನಿಟ್ ಹೋಗ್ಬೇಕು, ಪಕ್ಕದವಳಿಗೆ ಅರ್ಧ ಗಂಟೆಗೊಮ್ಮೆ ಮಗು ಹಾರ್ಟ್‌ಬೀಟ್ ನೋಡಿ ಪಾರ್ಟೋಗ್ರಾಫಲ್ಲಿ (ಹೆರಿಗೆ ಹೇಗೆ ಸಾಗ್ತಿದೆ ಅಂತ ಗುರ್ತು ಹಾಕೋ ಚಾರ್ಟು) ಚುಕ್ಕಿ ಇಡ್ಬೇಕು, ಬಾಗ್ಲಾಚೆ ಯಾರದೋ ಅತ್ತೆ ಸಿಸ್ಟರ್ ಏನಾಯ್ತು ಅಂತ ಬಡೀತಾನೇ ಇರ್ತಾರೆ.

4.10 ಮಾತ್ರ ಎಷ್ಟು ಉಜ್ಜಿದ್ರೂ ಹೋಗ್ಲಿಲ್ಲ. ಆಕೆಗೆ ರಕ್ತ ನಿಲ್ತಿರ್ಲಿಲ್ಲ. ಡಾಕ್ಟ್ರು ಡ್ರಿಪ್ ಏರಿಸ್ತಿದ್ರು, ನಾನು ಹೊಟ್ಟೆ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ತಾ ಗಟ್ಟಿಯಾಗವ್ವಾ ಗಟ್ಟಿಯಾಗು ಅಂತ ಗೊಣಗ್ತಿದ್ದೆ. ಆಯ್ತು. ಬೆಳಿಗ್ಗೆ ಬನ್ ಅದ್ದಿಕೊಂಡು ಟೀ ಕುಡೀತಿದ್ಲು ಪುಣ್ಯಾತ್ಗಿತ್ತಿ.

ನನ್ ಕೈ ನಡುಗಿದ್ದು ಆಮೇಲೆ, ಬಟ್ಟೆ ಬದಲಾಯಿಸೋವಾಗ. ಆಯಾ ಅಕ್ಕ ಏನೂ ಕೇಳ್ದೆ ಫ್ಲಾಸ್ಕಿಂದ ಅರ್ಧ ಲೋಟ ಕಾಫಿ ಬಗ್ಗಿಸಿ ಕೊಟ್ರು. ಸ್ಟ್ರೆಸ್ ಮ್ಯಾನೇಜ್‌ಮೆಂಟು ಅಂತ ಟ್ರೈನಿಂಗಲ್ಲಿ ಏನೇನೋ ಸ್ಲೈಡ್ ತೋರಿಸ್ತಾರೆ, ನಮ್ಗೆ ಸಿಕ್ಕಿದ್ದು ಇಷ್ಟು.

4.10 ಯಾವ ಪ್ರಶ್ನೆಗೆ ಆನ್ಸರ್ ಅಮ್ಮಾ ಅಂದ್ಳು ಮಗಳು.

ಹೆಣ್ಮಗು, 2 ಕೆಜಿ 900 ಅಂದೆ.