ಕಲ್ಲು ಮುಗಿಸ್ಲಿ

ಜುಲೈ ಕೊನೆಯ ಶನಿವಾರ ಬೆಳಿಗ್ಗೆ ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದೆ. ಚೀಲದಲ್ಲಿ ಎರಡು ಡ್ರಾಯಿಂಗ್ ಪುಸ್ತಕ, ನಾಲ್ಕು ಪೆನ್ಸಿಲ್, ಒಂದು ಸಣ್ಣ ಸ್ಕ್ರೂಡ್ರೈವರ್. ಪೆನ್ಸಿಲ್ ಇಕ್ಕೇರಿಗೆ. ಸ್ಕ್ರೂಡ್ರೈವರ್ ಅಜ್ಜನ ಹಾರ್ಮೋನಿಯಂಗೆ.

ಹಳೇ ಕಟ್ಟಡಗಳ ಚಿತ್ರ ಬರೆಯುವುದು ನನಗೆ ಹಿಡಿದು ಆರು ವರ್ಷ ಆಯ್ತು. ಶುರುವಾದದ್ದು ಕೋಟೆ ರಸ್ತೆಯ ಶಿವಪ್ಪ ನಾಯಕ ಅರಮನೆಯಿಂದ. ಭಾನುವಾರ ಹೋಗಿ ಅಲ್ಲಿನ ದಪ್ಪ ಮರದ ಕಂಬಗಳನ್ನು ನೋಡ್ತಾ ಕೂರುತ್ತಿದ್ದೆ. ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ಒಂದೊಂದಾಗಿ ಬರೆದೆ. ಫೋಟೋ ತೆಗೆದರೆ ಅರೆಕ್ಷಣ, ಬರೆಯಲು ಕೂತರೆ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಕಿವಿಗೂ ಕೆಲಸ ಇರುತ್ತದೆ. ಹೆಜ್ಜೆ ಸಪ್ಪಳ ಎಲ್ಲಿ ದೊಡ್ಡದಾಗುತ್ತದೆ, ಪಾರಿವಾಳದ ರೆಕ್ಕೆ ಸದ್ದು ಎಲ್ಲಿಂದ ತಿರುಗಿ ಬರುತ್ತದೆ, ಎಲ್ಲ ಗೊತ್ತಾಗುತ್ತದೆ. ಹಳೇ ಕಟ್ಟಡವನ್ನು ಕೇಳಲೂಬೇಕು ಅನ್ನುವುದು ನನಗೆ ಹಾಗೆ ಹೊಳೆದದ್ದು. ಆದರೆ ಅಜ್ಜ ಅದನ್ನು ನನಗೆ ಏಳೆಂಟು ವರ್ಷದವಳಿದ್ದಾಗಲೇ ಹೇಳಿದ್ದರು. ಆಗ ತಲೆಗೆ ಹೋಗಿರಲಿಲ್ಲ, ಅಷ್ಟೇ.

ಸಾಗರದಲ್ಲಿ ಇಳಿದು ಆಟೋ ಹಿಡಿದೆ. ಇಕ್ಕೇರಿ ಅಲ್ಲಿಂದ ಆರು ಕಿಲೋಮೀಟರ್. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಅಘೋರೇಶ್ವರ ದೇವಸ್ಥಾನದ ಕಲ್ಲು ಮಳೆಯಲ್ಲಿ ನೆನೆದಾಗಲೇ ಚೆಂದ, ಬಿಸಿಲಿನಲ್ಲಿ ಕಾಣದ ಗೆರೆಗಳೆಲ್ಲ ಎದ್ದು ಬರುತ್ತವೆ. ಕೆಳದಿ ಅರಸರು ಇಕ್ಕೇರಿಯಲ್ಲಿದ್ದ ತಮ್ಮ ರಾಜಧಾನಿಯನ್ನು 17ನೇ ಶತಮಾನದಲ್ಲಿ ಬಿದನೂರಿಗೆ ಸಾಗಿಸಿದರು, ಅದೇ ಈಗಿನ ನಗರ. ಊರು ಹೋಯಿತು, ಕೋಟೆ ಹೋಯಿತು, ದೇವಸ್ಥಾನ ಉಳಿಯಿತು. ಒಳಗೆ ನೆಲಹಾಸಿನ ಕಲ್ಲಿನ ಮೇಲೆ ಮೂವರು ಅರಸರು ನಮಸ್ಕಾರ ಮಾಡುವ ಹಾಗೆ ಕೆತ್ತಿದ್ದಾರೆ. ಆಳಿದವರು ತಮ್ಮ ರೂಪವನ್ನು ಬಂದವರ ಕಾಲಡಿ ಇಡಿಸಿಕೊಂಡದ್ದು ನನಗೆ ತುಂಬ ದೊಡ್ಡದು ಅನ್ನಿಸುತ್ತದೆ. ನಾನು ಅದನ್ನು ತುಳಿಯದೆ ಸುತ್ತಿಕೊಂಡೇ ಹೋಗುತ್ತೇನೆ.

ಹಳೇ ಗೆಜೆಟಿಯರ್‌ನಲ್ಲಿ ಈ ದೇವಸ್ಥಾನದ ಬಗ್ಗೆ ಒಂದು ಮಾತಿದೆ. ನಡುವಿನ ಕಂಬಗಳ ಮಧ್ಯದ ಅಂತರವನ್ನೇ ತೋಟ ಅಳೆಯುವ ಅಳತೆಯಾಗಿ ಇಟ್ಟುಕೊಂಡಿದ್ದರಂತೆ. ಆ ಉದ್ದದ ಕೋಲು 18 ಅಡಿ 6 ಇಂಚು. ಒಂದು ಮರಕ್ಕೆ ಬಿಡುವ ಆ ಜಾಗಕ್ಕೆ ದಾಯ ಅಂತ ಹೆಸರು. ಇದನ್ನು ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ. ನಮ್ಮದು ಅಡಿಕೆ ತೋಟದ ಮನೆ. ಎಷ್ಟೋ ತಲೆಮಾರು ಕಾಲಿಟ್ಟು ಓಡಾಡಿದ ನೆಲಕ್ಕೆ ಅಳತೆ ಬಂದದ್ದು ಒಂದು ಮಂಟಪದ ಒಳಗಿನಿಂದ ಅಂದರೆ, ಆ ಮಂಟಪ ಸುಮ್ನೆ ನೋಡಿ ಬರುವ ಜಾಗ ಹೇಗಾಗುತ್ತದೆ?

ಟೇಪ್ ಹಿಡಿಯಲಿಲ್ಲ. ಹೆಜ್ಜೆಯಲ್ಲೇ ಅಳೆದೆ. ನನ್ನ ಎಂಟು ಹೆಜ್ಜೆ. ಆಮೇಲೆ ಕಂಬವೊಂದಕ್ಕೆ ಎದುರಾಗಿ ಕೂತು ಬರೆಯತೊಡಗಿದೆ. ಮಳೆಯಿಂದ ಬೆಳಕು ಕಡಿಮೆ. ಕಂಬದ ಒಂದು ಮಗ್ಗುಲು ಮಾತ್ರ ಕಾಣುತ್ತಿತ್ತು, ಕಂಡಷ್ಟೇ ಬರೆದೆ.

ಜನ ಇರಲಿಲ್ಲ. ಮೆಲ್ಲಗೆ ಷಡ್ಜ ಹಿಡಿದೆ. ದನಿ ನನ್ನ ಬಾಯಿಂದ ಹೊರಟು ಮೇಲೆ ಹೋಗಿ ನಿಂತಿತು. ನಾನು ಬಾಯಿ ಮುಚ್ಚಿದ ಮೇಲೂ ಇತ್ತು. ಅಜ್ಜ ನನ್ನನ್ನು ಇಲ್ಲಿ ಇದೇ ಥರ ಕೂರಿಸಿಕೊಂಡು ದೇವರನಾಮ ಹೇಳಿಸಿದ್ದರು. ನಾನು ಮನೆಯಲ್ಲಿ ಹಾಡುವ ಹಾಗೆ ಗಡಿಬಿಡಿಯಲ್ಲಿ ಹಾಡಿದೆ. ಒಂದು ಸಾಲು ಇನ್ನೊಂದರ ಮೇಲೆ ಬಿದ್ದು ಎಲ್ಲ ಕಲಸಿಹೋಯಿತು.

"ಅವಸರ ಮಾಡಡ ಕೂಸೇ. ಕಲ್ಲು ಮುಗಿಸ್ಲಿ. ಆಮೇಲೆ ನೀನು ಶುರು ಮಾಡು."

ಅಷ್ಟೇ ಹೇಳಿದ್ದು. ಮೂವತ್ತು ವರ್ಷದ ನಂತರ ಅದೇ ನೆಲದಲ್ಲಿ ಕೂತು, ಸಾ ಹಾಡಿ, ಕಲ್ಲು ಮುಗಿಸುವವರೆಗೆ ಕಾದೆ. ಆಮೇಲೆ ರಿ. ಮತ್ತೆ ಕಾದೆ. ಆರೋಹಣ ಮುಗಿಸಲು ಎಷ್ಟು ಹೊತ್ತು ಹಿಡಿಯಿತೋ ಏನೋ, ಕಣ್ಣಲ್ಲಿ ನೀರು ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಅಜ್ಜನ ಮನೆ. ಅಂದರೆ ಈಗ ಮಾವನ ಮನೆ. ಛತ್ರಿ ಮಡಚುವ ಮೊದಲೇ ಅತ್ತೆ ಒಳಗಿನಿಂದ "ಬಚ್ಚಲಲ್ಲಿ ಬಿಸಿನೀರು ಕಾದಿದ್ದು, ಮೊದಲು ಮಿಂದ್ಕಂಡು ಬಾ" ಅಂದರು. ಬಚ್ಚಲ ಹಂಡೆಯ ನೀರಿಗೆ ಹೊಗೆ ವಾಸನೆ ಇರುತ್ತದೆ. ಮೀಯುವಾಗ ಆ ವಾಸನೆ ಬಂದರೆ ನನಗೆ ಮನೆಗೆ ಬಂದ ಹಾಗೆ. ಮಿಂದು ಬಂದರೆ ಒಲೆಯ ಹತ್ತಿರ ಮಣೆ ಹಾಕಿತ್ತು. ಅತ್ತೆ ಕೆಂಡ ಮುಂದಕ್ಕೆ ಎಳೆದು ಹಲಸಿನ ಹಪ್ಪಳ ಸುಡುತ್ತಿದ್ದರು. ಹಪ್ಪಳ ಕೆಂಡದ ಮೇಲೆ ಇಟ್ಟ ತಕ್ಷಣ ಅಂಚು ಮುದುಡುತ್ತದೆ, ಅಷ್ಟರಲ್ಲಿ ಮಗುಚಬೇಕು. ಒಂದು ಉಸಿರು ತಡವಾದರೂ ಕಪ್ಪು. ಸುಟ್ಟದ್ದಕ್ಕೆ ಕೊಬ್ಬರಿ ಎಣ್ಣೆ ಸವರಿ, ಪಕ್ಕದಲ್ಲಿ ನಾಲ್ಕು ಹಸಿ ತೆಂಗಿನಕಾಯಿ ಚೂರು. ಜೊತೆಗೆ ಲೋಟದಲ್ಲಿ ಕಷಾಯ. ಇದಕ್ಕಿಂತ ಜಾಸ್ತಿ ಸುಖ ನಾನು ಎಲ್ಲೂ ಕಂಡಿಲ್ಲ.

ಊಟ ಆದ ಮೇಲೆ ಮಾವ ಮೆತ್ತಿಯಿಂದ ಹಾರ್ಮೋನಿಯಂ ಇಳಿಸಿ ತಂದು ಜಗಲಿಯ ಮೇಲೆ ಇಟ್ಟರು. ಅಜ್ಜ ಹೋದ ಮೇಲೆ ಅದನ್ನು ಯಾರೂ ತೆರೆದಿರಲಿಲ್ಲ.

ಈ ಪೆಟ್ಟಿಗೆಗೂ ಒಂದು ಕತೆ ಇದೆ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿತು. 1971ರ ತನಕ ಆ ನಿಷೇಧ ಇತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲು ಅದಕ್ಕೆ ಬರುವುದಿಲ್ಲ, ನಮ್ಮ ಗಮಕ ಅದರಲ್ಲಿ ಸಿಗುವುದಿಲ್ಲ ಅನ್ನುವುದು ವಾದ. ವಾದ ಸುಳ್ಳೇನಲ್ಲ. ಆದರೆ ಅಜ್ಜ ಕಲಿತದ್ದು ಅದೇ ವರ್ಷಗಳಲ್ಲಿ. ರೇಡಿಯೋದಲ್ಲಿ ಕೇಳಿಸದ ವಾದ್ಯ ನಮ್ಮ ಜಗಲಿಯಲ್ಲಿ ದಿನಾ ಕೇಳಿಸುತ್ತಿತ್ತು. ಭಜನೆಗೂ ಅದೇ, ವೇಷವಿಲ್ಲದೆ ಕೂತೇ ನಡೆಸುವ ಯಕ್ಷಗಾನ, ಮಳೆಗಾಲದ ತಾಳಮದ್ದಲೆಗೆ ಶ್ರುತಿ ಹಿಡಿಯಲೂ ಅದೇ. ರಾತ್ರಿ ಭಾಗವತರ ಪದ, ಮದ್ದಲೆ, ಹೊರಗೆ ಹೆಂಚಿನ ಮೇಲೆ ಮಳೆ. ನಾನು ಕಂಬಳಿ ಹೊದ್ದು ಅಜ್ಜಿಯ ತೊಡೆ ಮೇಲೆ ಮಲಗಿರುತ್ತಿದ್ದೆ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳ ವಾದ ಯಾವುದೂ ಅರ್ಥವಾಗುತ್ತಿರಲಿಲ್ಲ. ಆ ಶ್ರುತಿ ನಿಲ್ಲದೆ ಕೇಳುತ್ತಾ ಇದ್ದರೆ ಸಾಕು, ಹೆದರಿಕೆ ಇಲ್ಲದ ನಿದ್ದೆ ಬರುತ್ತಿತ್ತು.

ಮುಚ್ಚಳ ತೆಗೆದಾಗ ಹಳೇ ಮರದ ಮತ್ತು ಇಲಿಯ ವಾಸನೆ. ತಿದಿಯ ಮಡಿಕೆಯಲ್ಲಿ ಹೆಬ್ಬೆರಳಿನಷ್ಟು ತೂತು. ಮಧ್ಯಮದ, ಅಂದರೆ ಮ ಸ್ವರದ, ಮನೆ ಒತ್ತಿದರೆ ಸದ್ದೇ ಇಲ್ಲ. ಸ್ಕ್ರೂ ಬಿಚ್ಚಿ ರೀಡಿನ ಹಲಗೆ ಎತ್ತಿದೆ. ಹಿತ್ತಾಳೆಯ ನಾಲಿಗೆಗಳು ಸಾಲಾಗಿ ಮಲಗಿದ್ದವು. ಮಧ್ಯಮದ ನಾಲಿಗೆಯ ಮೇಲೆ ಮಣ್ಣಿನ ಗೂಡು! ಕುಂಬಾರ ಹುಳ ಯಾವುದೋ ಸಂದಿಯಿಂದ ಒಳಗೆ ಹೋಗಿ ಮನೆ ಕಟ್ಟಿತ್ತು. ಗೂಡು ಖಾಲಿಯಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ಉಜ್ಜಿದೆ. ನಾಲಿಗೆಯನ್ನು ಎತ್ತಬಾರದು, ಬಾಗಿದರೆ ಮುಗಿಯಿತು. ತೆಳು ಕಾಗದವನ್ನು ಅದರ ಅಡಿಗೆ ತೂರಿಸಿ ಹಿಂದೆ ಮುಂದೆ ಎಳೆದರೆ ದೂಳು ಬರುತ್ತದೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ ಅಂತ ಅಜ್ಜ ತೋರಿಸಿದ್ದರು. ಕೆರೆಯುವ ಧೈರ್ಯ ನನಗೆ ಬರಲಿಲ್ಲ. ಅದು ಅವರು ಕೂರಿಸಿದ ಸ್ವರ. ಸ್ವಲ್ಪ ಆಚೀಚೆ ಇದ್ದರೂ ಇರಲಿ.

ಮಾವ ಕಂಬಕ್ಕೆ ಒರಗಿ ನೋಡುತ್ತಿದ್ದರು. ಗೆಜೆಟಿಯರ್‌ನಲ್ಲಿ ಓದಿದ್ದು, ಬೆಳಿಗ್ಗೆ ಅಳೆದದ್ದು ಎಲ್ಲ ಹೇಳಿದೆ.

"ನಾವು ಈಗ ಗಿಡದಿಂದ ಗಿಡಕ್ಕೆ ಒಂಬತ್ತು ಅಡಿ ಬಿಡ್ತೆವು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹದಿನೆಂಟೂವರೆಯಲ್ಲಿ ಅರ್ಧ ಅಂದ್ರೆ ಅಲ್ಲಿಗೇ ಬಂತಲೆ" ಅಂದರು. ನನಗೆ ಅದು ಹೊಳೆದಿರಲಿಲ್ಲ.

ಆಮೇಲೆ ಮಾವ ತಲೆ ಎತ್ತಿ ಮುಚ್ಚಿಗೆ ತೋರಿಸಿದರು. ಹಲಗೆಗಳಲ್ಲಿ ಎರಡು ಕಡೆ ಗೆದ್ದಲು ಹಿಡಿದಿದೆ. ಬೇಸಿಗೆಯಲ್ಲಿ ಕಿತ್ತು ತಾರಸಿ ಹಾಕಿಸುವ ಯೋಚನೆ ಇದೆಯಂತೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಹೆಂಚು ಜಾರಿದಾಗ ಮಳೆಯಲ್ಲಿ ಮಾಡು ಹತ್ತುವವರು ಅವರು. ನಾನು ವರ್ಷಕ್ಕೆ ನಾಲ್ಕು ಸಲ ಬಂದು ಚಿತ್ರ ಬರೆದುಕೊಂಡು ಹೋಗುವವಳು. ಆದರೂ ಒಂದು ಮಾತು ಕೇಳಿದೆ, "ಮಾವ, ಕಿತ್ತಾಕುವ ಮೊದಲು ಒಂದ್ಸಲ ಇದರ ಅಡಿಗೆ ಹಾಡೋಣ ಅಲ್ವಾ?"

ಮಾವ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಮೈದಾ ಗೋಂದು ಮತ್ತು ಕ್ಯಾಲೆಂಡರಿನ ಹಾಳೆ ಇತ್ತು. ಹಾಳೆಯನ್ನು ಎರಡು ಪದರ ಮಾಡಿ ತಿದಿಯ ತೂತಿಗೆ ಹಚ್ಚಿದರು. ಒಣಗುವವರೆಗೆ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ.

ಕಪ್ಪು ಒಂದಕ್ಕೆ, ಅಂದರೆ ಮೊದಲ ಕಪ್ಪು ಮನೆಗೆ, ಶ್ರುತಿ ಹಿಡಿದೆ. ದನಿ ಮುಚ್ಚಿಗೆಯ ಹಲಗೆಗೆ ತಾಗಿ, ಮಣ್ಣಿನ ಗೋಡೆಗೆ ತಾಗಿ, ಅಲ್ಲೇ ಇಂಗಿತು. ಇಲ್ಲಿ ಕಾಯಬೇಕಾದ್ದಿಲ್ಲ. ಹಾಡಿದ್ದು ಹಾಡಿದ ಹಾಗೇ, ಮಾತಿನಷ್ಟು ಹತ್ತಿರ ಕೇಳುತ್ತದೆ. ಮಂಟಪದಲ್ಲಿ ಗಡಿಬಿಡಿ ಅನ್ನಿಸಿಕೊಂಡ ಓಟ ಇಲ್ಲಿ ಸರಿಯಾಗಿ ಕೂರುತ್ತದೆ. ನನ್ನ ಗಂಟಲಿಗೆ ಮೊದಲು ಪಾಠ ಹೇಳಿದ್ದು ಈ ಹಲಗೆಗಳು. ಅಜ್ಜ ನನ್ನನ್ನು ಇಕ್ಕೇರಿಗೆ ಕರೆದುಕೊಂಡು ಹೋದದ್ದು ಇನ್ನೊಂದು ಪಾಠಕ್ಕೆ.

ಅತ್ತೆ ಒದ್ದೆ ಕೈ ಒರೆಸುತ್ತಾ ಬಾಗಿಲಲ್ಲಿ ಬಂದು ನಿಂತರು. ದೇವರನಾಮದ ಎರಡನೇ ಸಾಲಿನಲ್ಲಿ ಮಧ್ಯಮ ಬರುತ್ತದೆ. ಒತ್ತಿದೆ. ಕೊಂಚ ಒರಟಾಗಿ, ಮಣ್ಣು ಉಳಿದ ಗಂಟಲಿನ ಹಾಗೆ, ಬಂತು. ಮಾವ ತಿದಿಗೆ ಹಚ್ಚಿದ ಹಸಿ ಕಾಗದದ ಮೇಲೆ ಅಂಗೈ ಒತ್ತಿ ಹಿಡಿದಿದ್ದರು. ನಾನು ತಿದಿ ಎಳೆದಾಗೆಲ್ಲ ಅವರ ಕೈಯೂ ಜೊತೆಗೆ ಹೋಗಿ ಬರುತ್ತಿತ್ತು. ಹಾಡು ಮುಗಿಯುವ ತನಕ ಅವರು ಆ ಕೈ ತೆಗೆಯಲಿಲ್ಲ.